ಲೆಕ್ಕ ಬಾರದ ಪೋಷಕರಿಗೆ ‘ಟ್ಯೂಷನ್‌ಗೆ ಹಾಕಿ’ ಎಂಬ ಉತ್ತರ ಸಾಲದು

ಮಾನ್ಯ ಸಂಪಾದಕರೇ,

ಮೊದಲ ರೂಪಣಾತ್ಮಕ ಮೌಲ್ಯಮಾಪನ (ವರ್ಷದ ನಡುವಿನ ಕಿರುಪರೀಕ್ಷೆ) ಮುಗಿದು ಪೋಷಕರ ಸಭೆ ಕರೆದಾಗ ಬಹುತೇಕ ಶಾಲೆಗಳಲ್ಲಿ ಕೇಳಿಬರುವ ಮಾತೊಂದಿದೆ: ‘ನಮಗೇ ಲೆಕ್ಕ ತಲೆಗೆ ಹತ್ತಲಿಲ್ಲ, ಇನ್ನು ಮಕ್ಕಳಿಗೆ ಏನು ಹೇಳಿಕೊಡೋದು ಮಿಸ್?’ ಇದಕ್ಕೆ ಶಾಲೆಯಿಂದ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ದಿನಾ ಕೂರಿಸಿಕೊಂಡು ಮಾಡಿಸಿ. ಇನ್ನೊಂದು, ಟ್ಯೂಷನ್‌ಗೆ ಹಾಕಿ. ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸುವ ನಮ್ಮ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಲೆಕ್ಕಕ್ಕೆ ಹೆದರುವ ಅಪ್ಪ ಅಮ್ಮ ಮನೆಯಲ್ಲಿ ಇನ್ನೊಬ್ಬ ಮೇಷ್ಟ್ರಾಗಬೇಕಿಲ್ಲ. ಅವರಿಂದ ಆಗುವ ಕೆಲಸ ಬೇರೆ ಇದೆ, ಅದಕ್ಕೆ ಗಣಿತದ ಪಾಂಡಿತ್ಯ ಬೇಡ. ಅದನ್ನು ವಿವರವಾಗಿ ಹೇಳುವವರು ಇಲ್ಲದ್ದರಿಂದ ಈ ಪತ್ರ ತುಸು ಉದ್ದವಾಗಿದೆ.

2015ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ಒಂದು ಮತ್ತು ಎರಡನೇ ತರಗತಿ ಮಕ್ಕಳ ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಗಣಿತದ ಭಯ ಹೆಚ್ಚಿದ್ದ ಪೋಷಕರ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತಿದ್ದರು, ವರ್ಷದ ಕೊನೆಗೆ ಅವರಲ್ಲೂ ಭಯ ಹೆಚ್ಚಿತ್ತು. ಆದರೆ ಇದು ಕಂಡುಬಂದದ್ದು ಅಂಥ ಪೋಷಕರು ಹೋಂವರ್ಕಿಗೆ ಪದೇ ಪದೇ ನೆರವಾಗುತ್ತಿದ್ದ ಮನೆಗಳಲ್ಲಿ ಮಾತ್ರ. ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಷಿಕಾಗೊ ಸುತ್ತಲಿನ 587 ಒಂದನೇ ತರಗತಿ ಮಕ್ಕಳದ್ದು. ಅಲ್ಲಿ ಪೋಷಕರಿಗೆ ಪಾಠ ಮಾಡಿ ಎಂದು ಹೇಳಿರಲಿಲ್ಲ. ಒಂದು ಪುಟ್ಟ ಬರಹ, ಕೊನೆಯಲ್ಲಿ ಒಂದೆರಡು ಲೆಕ್ಕದ ಪ್ರಶ್ನೆ. ಅದನ್ನು ಮಗುವಿನ ಜೊತೆ ಕೂತು ಓದಿ ಮಾತಾಡುವುದಷ್ಟೇ ಕೆಲಸ. ಲಾಭ ಎದ್ದು ಕಂಡದ್ದು ಗಣಿತಕ್ಕೆ ಹೆದರುವ ಪೋಷಕರ ಮಕ್ಕಳಲ್ಲಿ. ಅಂದರೆ ಹಾನಿ ಆಗುವುದು ಪೋಷಕರಿಗೆ ಲೆಕ್ಕ ಬರುವುದಿಲ್ಲ ಎಂಬುದರಿಂದಲ್ಲ, ಹೆದರಿಕೆಯಲ್ಲೇ ಪಾಠಕ್ಕೆ ಕೂರುವುದರಿಂದ.

ಹೆದರಿದವರು ಪಾಠಕ್ಕೆ ಕೂತರೆ ಏನಾಗುತ್ತದೆ ಎಂಬುದು ಮಕ್ಕಳ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಬೇಗ ಮುಗಿಸುವ ಆತುರಕ್ಕೆ ಪೆನ್ಸಿಲ್ ದೊಡ್ಡವರ ಕೈಗೆ ಬರುತ್ತದೆ. ಉತ್ತರ ಹೇಳಿ ಬರೆಸಲಾಗುತ್ತದೆ. ಮರುದಿನ ಹತ್ತಕ್ಕೆ ಹತ್ತು ಸರಿಯಾದ ಪುಟ ಶಿಕ್ಷಕರ ಮೇಜಿಗೆ ಬರುತ್ತದೆ, ಮಗುವಿಗೆ ಎಲ್ಲಿ ತಡೆಯಿತು ಎಂಬ ಸುಳಿವು ಅಳಿಸಿಹೋಗಿರುತ್ತದೆ. ಟ್ಯೂಷನ್‌ನಲ್ಲಿ ಬರೀ ಹೋಂವರ್ಕ್ ಮುಗಿಸಿ ಕಳಿಸಿದರೂ ಇದೇ ಗತಿ. ಹೀಗಾಗಿ ಪೋಷಕರಲ್ಲಿ ನಮ್ಮ ಮೊದಲ ಬೇಡಿಕೆ ಸರಳ: ತಪ್ಪು ಉತ್ತರವನ್ನು ಅಳಿಸಬೇಡಿ. ಪಕ್ಕದಲ್ಲಿ ಒಂದು ಗೀಟು ಹಾಕಿ, ‘ಇಲ್ಲಿ ತಡೆಯಿತು’ ಎಂದು ಬರೆದು ಕಳಿಸಿ. ಸಣ್ಣ ತರಗತಿಯ ಮಕ್ಕಳಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಎಳೆದಾಗ ಸಿಗುವುದು ಅಳು ಮಾತ್ರ.

ಮಕ್ಕಳ ತಪ್ಪುಗಳು ಮನಬಂದಂತೆ ಬರುವುದಿಲ್ಲ. ಹೆಚ್ಚಿನವಕ್ಕೆ ಒಂದು ಕ್ರಮವಿದೆ, ನಾಲ್ಕೈದು ಗೊತ್ತಿದ್ದರೆ ಎಂಥ ಪೋಷಕರೂ ಗುರುತಿಸಬಹುದು. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಗುವನ್ನು ನೋಡಿ. ಅದು ಅಜಾಗರೂಕತೆಯಲ್ಲ. ಬಿಡಿಸ್ಥಾನದಲ್ಲಿ 2ರಲ್ಲಿ 7 ಹೋಗದು ಎಂದು ಗೊತ್ತಾಗಿ, ಹೋಗುವ ಕಡೆಯಿಂದ ಅಂದರೆ 7ರಲ್ಲಿ 2 ಕಳೆದಿದೆ. ‘ಎಷ್ಟು ಸಲ ಹೇಳಿದೀನಿ, ಪಕ್ಕದಿಂದ ಸಾಲ ತಗೋ’ ಎಂದು ಗದರಿದರೆ ಮಗು 5ನ್ನು ಹೊಡೆದು 4 ಮಾಡುವುದನ್ನು ಕಲಿಯುತ್ತದೆ, ಏಕೆ ಎಂದು ಕಲಿಯುವುದಿಲ್ಲ. ಪೊರಕೆ ಕಡ್ಡಿಯ ತುಂಡು 52 ಎಣಿಸಿ, ಹತ್ತತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ. ಈಗ ‘ನನಗೆ 27 ಕೊಡು’ ಎಂದು ಕೈ ಚಾಚಿ ಸುಮ್ಮನಿರಿ. ಬಿಡಿಯಲ್ಲಿ ಎರಡೇ ಇವೆ, ಏಳು ಬೇಕು. ಮಗು ತಾನೇ ಒಂದು ಕಟ್ಟು ಬಿಚ್ಚುತ್ತದೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು, ಎರಡು ಕಟ್ಟು ಕೊಟ್ಟರೆ ಎರಡು ಕಟ್ಟು. ಉಳಿದದ್ದು 25. ಬಿಚ್ಚುವ ಕೆಲಸ ಮಗುವಿನ ಕೈಯಿಂದಲೇ ಆಗಬೇಕು, ಅದನ್ನೂ ನೀವೇ ಮಾಡಿಕೊಟ್ಟರೆ ಕಡ್ಡಿಗೂ ಹಲಗೆಗೂ ವ್ಯತ್ಯಾಸವಿಲ್ಲ. ಮೂರ್ನಾಲ್ಕು ಸಲ ಹೀಗಾದ ಮೇಲೆ, ಒಂದೊಂದು ಹೆಜ್ಜೆ ಕಡ್ಡಿಯಲ್ಲಿ ಮಾಡಿದ ಕೂಡಲೇ ಅದನ್ನು ಪುಸ್ತಕದಲ್ಲಿ ಬರೆಸಿ. ಕಡ್ಡಿ ಇಲ್ಲದಿದ್ದರೆ ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯ ಆದೀತು. ಚಿಲ್ಲರೆ ಮುರಿಸುವುದು ಎಲ್ಲರಿಗೂ ಗೊತ್ತು.

ನಡುವೆ ಸೊನ್ನೆ ಬಂದರೆ ಇನ್ನೂ ಕಷ್ಟ. 304ರಲ್ಲಿ 128 ಕಳೆದಾಗ 276 ಎಂಬ ಉತ್ತರ ಮತ್ತೆ ಮತ್ತೆ ಬರುತ್ತದೆ. ಮಗು ಸೊನ್ನೆಯನ್ನು 9 ಮಾಡಿದೆ, 4ನ್ನು 14 ಮಾಡಿದೆ, ನೂರರ ಸ್ಥಾನದ 3ನ್ನು 2 ಮಾಡಲು ಮರೆತಿದೆ. ‘ಪಕ್ಕದವನ ಹತ್ತಿರ ಇಲ್ಲ, ಅವನು ಅವನ ಪಕ್ಕದವನ ಹತ್ತಿರ ಕೇಳಿ ತಂದ’ ಎಂದು ಹೇಳುವ ರೂಢಿಯ ಕಥೆಯಲ್ಲಿ ಹೆಜ್ಜೆಗಳು ಜಾಸ್ತಿ, ಒಂದು ಜಾರಿಯೇ ಜಾರುತ್ತದೆ. ಇದಕ್ಕಿಂತ 304ನ್ನು ‘ಮೂವತ್ತು ಹತ್ತು, ನಾಲ್ಕು ಬಿಡಿ’ ಎಂದು ಓದಿಸುವುದು ಮೇಲು. ಮೂವತ್ತು ಹತ್ತರಲ್ಲಿ ಒಂದು ಬಿಚ್ಚಿದರೆ ಇಪ್ಪತ್ತೊಂಬತ್ತು ಹತ್ತು, ಹದಿನಾಲ್ಕು ಬಿಡಿ. 14ರಲ್ಲಿ 8 ಹೋದರೆ 6, 29ರಲ್ಲಿ 12 ಹೋದರೆ 17. ಉತ್ತರ 176.

ಇಷ್ಟೂ ಬೇಡ ಎನ್ನುವವರಿಗೆ ಅಂಗಡಿಯ ದಾರಿ ಇದೆ. 128ರಿಂದ 130ಕ್ಕೆ ಎರಡು, 130ರಿಂದ 300ಕ್ಕೆ ನೂರ ಎಪ್ಪತ್ತು, ಅಲ್ಲಿಂದ 304ಕ್ಕೆ ನಾಲ್ಕು. ಕೂಡಿದರೆ 176. ಕಿರಾಣಿ ಅಂಗಡಿಯಲ್ಲಿ 128 ರೂಪಾಯಿ ಸಾಮಾನಿಗೆ ಐನೂರರ ನೋಟು ಕೊಟ್ಟು, ವಾಪಸ್ ಬಂದ 372 ಸರಿಯಿದೆಯೇ ಎಂದು ನಿಂತಲ್ಲೇ ನೋಡಿಕೊಳ್ಳುವ ಅಮ್ಮ ಮನೆಗೆ ಬಂದು ‘ನನಗೆ ಲೆಕ್ಕ ಬರಲ್ಲ’ ಎನ್ನುತ್ತಾರೆ. ಅವರು ಈಗಷ್ಟೇ ಮಾಡಿದ್ದು ಮೂರಂಕಿಯ ವ್ಯವಕಲನ, ಅದೂ ಬಾಯಿಲೆಕ್ಕದಲ್ಲಿ. ಆ ದಾರಿಯನ್ನೇ ಮಗುವಿಗೆ ಹೇಳಲಿ. ಶಾಲೆಯ ಕ್ರಮಕ್ಕೆ ಇದರಿಂದ ಧಕ್ಕೆಯಿಲ್ಲ, ಉತ್ತರ ತಾಳೆ ನೋಡಲು ಎರಡನೆಯ ದಾರಿಯಾಗುತ್ತದೆ.

ಗುಣಾಕಾರದಲ್ಲಿ 24 × 13 ಕೊಟ್ಟರೆ 72ರ ಕೆಳಗೆ 24 ಬರೆದು, ಒಂದು ಸ್ಥಾನ ಸರಿಸದೆ ಕೂಡಿ 96 ಎನ್ನುವ ಮಕ್ಕಳಿದ್ದಾರೆ. ಇಲ್ಲಿ ಪೋಷಕರು ಕೇಳಬೇಕಾದ್ದು ಒಂದೇ ಪ್ರಶ್ನೆ: ‘24 ಹತ್ತಲಿ ಎಷ್ಟು?’ 240. ಹತ್ತು ಸಲಕ್ಕೇ 240 ಆದರೆ ಹದಿಮೂರು ಸಲಕ್ಕೆ 96 ಹೇಗಾದೀತು? ಉತ್ತರ ಸುಮಾರು ಎಷ್ಟಿರಬಹುದು ಎಂದು ಲೆಕ್ಕ ಶುರು ಮಾಡುವ ಮೊದಲೇ ಕೇಳುವ ಅಭ್ಯಾಸ ನೂರು ಲೆಕ್ಕ ಮಾಡಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾವು ನಂಬಿದ್ದೇವೆ. ಇನ್ನು ಚೌಕಾಕಾರದ ಮನೆ ಬರೆದು ಗುಣಿಸುವ ಕ್ರಮ ನೋಡಿ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಬೇಸರಪಡುವವರು ಬಹಳ. 24ನ್ನು 20 ಮತ್ತು 4, 13ನ್ನು 10 ಮತ್ತು 3 ಎಂದು ಒಡೆದು ನಾಲ್ಕು ಮನೆ ತುಂಬುವುದು: 200, 60, 40, 12. ಕೂಡಿದರೆ 312. ಹಳೆಯ ಕ್ರಮವೂ ಇದನ್ನೇ ಎರಡು ಸಾಲಿನಲ್ಲಿ ಮಡಚಿ ಬರೆಯುತ್ತದೆ: 72 ಎಂಬುದು 60 ಮತ್ತು 12, ಸರಿಸಿ ಬರೆದ 24 ಎಂಬುದು 200 ಮತ್ತು 40. ಸ್ಥಾನ ಸರಿಸಬೇಕು ಏಕೆ ಎಂಬುದು ಮನೆಗಳಲ್ಲಿ ಕಣ್ಣಿಗೆ ಕಾಣುತ್ತದೆ. ಹೊಸ ಕ್ರಮ ಅರ್ಥವಾಗದಿದ್ದರೆ ‘ಇದನ್ನು ನನಗೆ ಹೇಳಿಕೊಡು’ ಎಂದು ಮಗುವನ್ನೇ ಕೇಳಿ. ಪಠ್ಯಪುಸ್ತಕದಲ್ಲಿ ಬಿಡಿಸಿರುವ ಮಾದರಿ ಲೆಕ್ಕವನ್ನು ಮಗು ಹೆಜ್ಜೆ ಹೆಜ್ಜೆಯಾಗಿ ಹೇಳಲಿ, ನಿಮಗೆ ತಿಳಿಯದ ಕಡೆ ನಿಜವಾಗಿಯೇ ನಿಲ್ಲಿಸಿ. ಗೊತ್ತಿಲ್ಲದಿರುವುದು ಇಲ್ಲಿ ಅನುಕೂಲಕ್ಕೇ ಬರುತ್ತದೆ, ಏಕೆಂದರೆ ಹಾರಿಸಿ ಹೇಳಿದ ಹೆಜ್ಜೆ ಗೊತ್ತಿಲ್ಲದವರಿಗೇ ಮೊದಲು ತಗಲುತ್ತದೆ.

ಭಾಗಾಕಾರದಲ್ಲಿ 618 ÷ 6ಕ್ಕೆ 13 ಎಂದು ಬರೆದಿದ್ದರೆ ನಡುವಿನ ಸೊನ್ನೆ ಹಾರಿದೆ. ಹತ್ತರ ಸ್ಥಾನದ 1ರಲ್ಲಿ 6 ಹೋಗುವುದಿಲ್ಲ ಎಂಬುದನ್ನು ಸೊನ್ನೆಯಾಗಿ ಬರೆಯಬೇಕಿತ್ತು. 13 ಆರಲಿ 78 ಎಂದು ಗುಣಿಸಿ ನೋಡಿದರೆ ಮಗುವೇ ಹಿಡಿಯುತ್ತದೆ. ಸರಿಯುತ್ತರ 103.

ಸಮ ಚಿಹ್ನೆಯ ತಪ್ಪು ಮಾತ್ರ ಯಾರ ಗಮನಕ್ಕೂ ಬಾರದೆ ಹೈಸ್ಕೂಲಿನವರೆಗೂ ಹೋಗುತ್ತದೆ, ಆದ್ದರಿಂದ ಅದರ ಬಗ್ಗೆ ಒತ್ತಿ ಹೇಳುತ್ತೇವೆ. 8 + 4 = __ + 5 ಎಂದು ಬರೆದುಕೊಡಿ. ಮೂರು ನಾಲ್ಕನೇ ತರಗತಿಯ ಎಷ್ಟೋ ಮಕ್ಕಳು ಖಾಲಿ ಜಾಗದಲ್ಲಿ 12 ಬರೆಯುತ್ತಾರೆ. ಅವರ ಪಾಲಿಗೆ ‘=’ ಎಂದರೆ ‘ಈಗ ಉತ್ತರ ಬರೆ’. ಎರಡೂ ಕಡೆ ಸಮ ತೂಗಬೇಕಾದ ತಕ್ಕಡಿ ಅದು ಎಂದು ಅವರಿಗೆ ಯಾರೂ ತೋರಿಸಿಲ್ಲ. 5 + 3 = 8 + 2 = 10 ಎಂದು ಸಾಲಾಗಿ ಬರೆಯುವ ಅಭ್ಯಾಸ ದೊಡ್ಡವರಲ್ಲೂ ಇದೆ, ಮಕ್ಕಳ ಎದುರು ಹಾಗೆ ಬರೆಯಬೇಡಿ. 8 + 4 = 7 + 5 ಎಂಬಂಥವನ್ನು ದಿನಕ್ಕೆರಡು ಬರೆಸಿ, ಕೆಲವೊಮ್ಮೆ 12 = 8 + 4 ಎಂದು ತಿರುಗಿಸಿಯೂ ಬರೆಸಿ. ಆರನೇ ತರಗತಿಯಲ್ಲಿ ಬೀಜಗಣಿತ ಶುರುವಾದಾಗ ಎಡವುವ ಬಹಳಷ್ಟು ಮಕ್ಕಳು ಅಕ್ಷರಗಳಿಗೆ ಹೆದರಿ ಎಡವುತ್ತಿಲ್ಲ, ಈ ಚಿಹ್ನೆಯಲ್ಲಿ ಎಡವುತ್ತಾರೆ.

ಭಿನ್ನರಾಶಿಯಲ್ಲಿ 1/2 + 1/3 = 2/5 ಎಂದು ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡುವುದು ಸಾಮಾನ್ಯ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಮರೆತಿದ್ದರೂ ಪೋಷಕರು ಕೇಳಬಹುದು: ‘ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?’ ಐದರಲ್ಲಿ ಎರಡು ಅರ್ಧಕ್ಕಿಂತ ಕಡಿಮೆ, ಉತ್ತರ ಅಲ್ಲೇ ಬಿದ್ದುಹೋಯಿತು. ಆಮೇಲೆ ಚೌಕುಳಿ ನೋಟ್‌ಬುಕ್ಕಿನಲ್ಲಿ ಹನ್ನೆರಡು ಚೌಕದ ಒಂದು ಪಟ್ಟಿ ಗೀಚಿಸಿ. ಅರ್ಧಕ್ಕೆ ಆರು ಚೌಕ, ಮೂರನೇ ಒಂದಕ್ಕೆ ನಾಲ್ಕು, ಒಟ್ಟು ಹನ್ನೆರಡರಲ್ಲಿ ಹತ್ತು, ಅಂದರೆ 5/6. ದಶಮಾಂಶದಲ್ಲೂ ಇಂಥದೇ ಗೊಂದಲ: 35 ದೊಡ್ಡದು, ಆದ್ದರಿಂದ 0.35 ಎಂಬುದು 0.5ಕ್ಕಿಂತ ದೊಡ್ಡದು ಎಂದುಕೊಳ್ಳುತ್ತಾರೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಮೇಲಿನ 500 ಮಿಲಿ ತೋರಿಸಿ, 0.35 ಲೀಟರ್ ಎಂದರೆ 350 ಮಿಲಿ ಎಂದು ಅಳೆದು ನೋಡಿದರೆ ಮುಗಿಯಿತು.

ಮಾತಿನ ಲೆಕ್ಕಗಳಲ್ಲಿ ಮನೆಯವರು ಕೊಡುವ ಒಂದು ಉಪದೇಶ ದೊಡ್ಡ ಹಾನಿ ಮಾಡುತ್ತಿದೆ. ‘ಹೆಚ್ಚು ಅಂದ್ರೆ ಕೂಡು, ಉಳಿದದ್ದು ಅಂದ್ರೆ ಕಳೆ.’ ಗೈಡುಗಳಲ್ಲೂ ಇದೇ. ಈಗ ಈ ಲೆಕ್ಕ ನೋಡಿ: ರವಿಯ ಬಳಿ 12 ಗೋಲಿ ಇವೆ, ಅವು ಸುಮಾಳ ಗೋಲಿಗಳಿಗಿಂತ 5 ಹೆಚ್ಚು, ಸುಮಾಳ ಬಳಿ ಎಷ್ಟಿವೆ? ‘ಹೆಚ್ಚು’ ಕಂಡ ಮಗು 17 ಬರೆಯುತ್ತದೆ, ಸರಿಯುತ್ತರ 7. ಪದ ಹಿಡಿದು ಓಡುವ ಬದಲು ಒಂದು ಉದ್ದ ಗೆರೆ, ಅದರ ಕೆಳಗೆ ಒಂದು ಗಿಡ್ಡ ಗೆರೆ ಎಳೆದು, ಯಾರದು ಉದ್ದ ಎಂದು ಕೇಳಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಾದರೆ ಲೆಕ್ಕ ಓದಿದ ಮೇಲೆ ಅದನ್ನು ಕನ್ನಡದಲ್ಲಿ ಹೇಳಿಸಿ. ಸಂಕೋಚ ಬೇಡ. ಎಷ್ಟೋ ಸಲ ಮಗು ತಪ್ಪಿದ್ದು ಲೆಕ್ಕದಲ್ಲಲ್ಲ, ವಾಕ್ಯದಲ್ಲಿ. ಥರ್ಟೀನ್ ಎಂದದ್ದನ್ನು ಥರ್ಟಿ ಎಂದು ಕೇಳಿಸಿಕೊಂಡು 30 ಬರೆಯುವ ಪುಟ್ಟ ಮಕ್ಕಳಿಗೆ ಹದಿಮೂರು, ಮೂವತ್ತು ಎಂದರೆ ಗೊಂದಲವೇ ಇರುವುದಿಲ್ಲ.

ಮಗ್ಗಿಯ ವಿಷಯಕ್ಕೆ ಬಂದರೆ, ಅದು ಬೇಡ ಎನ್ನುವವರ ಜೊತೆ ನಾವಿಲ್ಲ. ಮಗ್ಗಿ ಬಾರದಿದ್ದರೆ ಭಾಗಾಕಾರ, ಭಿನ್ನರಾಶಿ ಎರಡೂ ಕೈಕೊಡುತ್ತವೆ. ಆದರೆ ‘ಏಳೊಂದ್ಲ ಏಳು’ ಎಂದು ರಾಗವಾಗಿ ಹೇಳಿಸುವುದೊಂದೇ ಅಭ್ಯಾಸವಾದರೆ, ಏಳೆಂಟ್ಲ ಎಷ್ಟು ಎಂದಾಗ ಮಗು ಏಳೊಂದ್ಲದಿಂದ ಹತ್ತಿ ಬರಬೇಕಾಗುತ್ತದೆ. 2, 10, 5ರ ಮಗ್ಗಿ ಮೊದಲು ಕಲಿಸಿ. 2ರ ದುಪ್ಪಟ್ಟು 4, ಅದರ ದುಪ್ಪಟ್ಟು 8. ಆಮೇಲೆ 3, 6, 9, ಕೊನೆಗೆ 7. ಮೂರಾರ್ಲಿಯೂ ಆರ್ಮೂರ್ಲಿಯೂ ಒಂದೇ ಎಂದು ತಿಳಿದರೆ 2ರಿಂದ 9ರವರೆಗಿನ 64 ಗುಣಲಬ್ಧಗಳಲ್ಲಿ ಕಲಿಯಬೇಕಾದವು 36 ಮಾತ್ರ. ಎರಡು, ಐದು, ಒಂಬತ್ತರವು ಬಂದವು ಎಂದರೆ ಉಳಿಯುವುದು 15. ಹಾಳೆ ಕತ್ತರಿಸಿ ಆ ಹದಿನೈದನ್ನು ಬರೆದು ದಿನಕ್ಕೆ ಐದು ನಿಮಿಷ ಕಲಸಿ ಕೇಳಿ. ಗಡಿಯಾರ ಹಿಡಿದು ಕೂರಬೇಡಿ. ಒಂದು ಎರಡನೇ ತರಗತಿಯವರು ಬೆರಳು ಮಡಚಿ ಎಣಿಸಿದರೆ ಬಯ್ಯಲೂಬೇಡಿ, ಲೆಕ್ಕ ಬಾಯಿಗೆ ಬಂದಂತೆ ಬೆರಳು ತಾನಾಗಿ ಬಿಟ್ಟುಹೋಗುತ್ತದೆ.

ಪುಟಾಣಿಗಳಿರುವ ಮನೆಯಲ್ಲಿ ಹಾವು ಏಣಿ ಆಟವಿದ್ದರೆ ಅದನ್ನು ಹೇಗೆ ಆಡಿಸಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಕಾಯಿ 37ರಲ್ಲಿದೆ, ದಾಳದಲ್ಲಿ 4 ಬಿತ್ತು. ಮಕ್ಕಳು ‘ಒಂದು, ಎರಡು, ಮೂರು, ನಾಲ್ಕು’ ಎನ್ನುತ್ತ ಕಾಯಿ ನಡೆಸುತ್ತಾರೆ. ಅದರ ಬದಲು ಕಾಯಿ ತುಳಿದ ಮನೆಯ ಸಂಖ್ಯೆಯನ್ನೇ ಹೇಳಿಸಿ: 38, 39, 40, 41. ಸಾಲು ಮನೆಗಳ ಸಂಖ್ಯಾಫಲಕದ ಆಟ ಆಡಿಸಿ ನಡೆಸಿದ ಅಧ್ಯಯನಗಳಲ್ಲಿ ಸಂಖ್ಯೆಗಳ ಕ್ರಮ, ಗಾತ್ರ ಎರಡೂ ಮಕ್ಕಳಿಗೆ ಗಟ್ಟಿಯಾದದ್ದು ಹೀಗೆ ಹೇಳುತ್ತ ಆಡಿದಾಗ. ಚೌಕಾಬಾರ, ಅಳಗುಳಿಮಣೆ ಸಹ ಒಳ್ಳೆಯವು. ರಂಗೋಲಿ ಹಾಕುವ ಮನೆಯಲ್ಲಂತೂ ಐದನೇ ತರಗತಿಯ ಪಾಠವೇ ಅಂಗಳದಲ್ಲಿದೆ. ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಮೇಲೂ ಕೆಳಗೂ ಎಡೆಯಲ್ಲಿ ಆರು, ಐದು ಎಂದು ಇಳಿದು ಒಂದಕ್ಕೆ ನಿಲ್ಲುವ ರಂಗೋಲಿಯಲ್ಲಿ ಒಟ್ಟು ಎಷ್ಟು ಚುಕ್ಕಿ? ಎಣಿಸಿದರೆ 49. ತಲೆ ವಾರೆ ಮಾಡಿ ಓರೆ ಸಾಲುಗಳನ್ನು ನೋಡಿದರೆ ಏಳು ಸಾಲು, ಸಾಲಿಗೆ ಏಳು. ಐದಕ್ಕೆ ಹಾಕಿದರೆ 25, ಒಂಬತ್ತಕ್ಕೆ ಹಾಕಿದರೆ 81. ವರ್ಗಸಂಖ್ಯೆ ಎಂದರೇನು ಎಂದು ಮಗು ಕೇಳುವುದೇ ಇಲ್ಲ.

ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ನಮ್ಮ ವಂಶದಲ್ಲೇ ಲೆಕ್ಕ ಇಲ್ಲ’, ‘ಹುಡುಗಿ ಅಲ್ವಾ, ಆರ್ಟ್ಸ್ ತಗೊಂಡ್ರೆ ಆಯ್ತು’ ಎಂಬ ಸಮಾಧಾನದ ಮಾತುಗಳನ್ನು ಮಕ್ಕಳು ಕೈಬಿಡಲು ಸಿಕ್ಕ ಅನುಮತಿ ಎಂದು ತಿಳಿಯುತ್ತಾರೆ. ‘ಹೇಗೆ ಮಾಡಿದೆ?’ ಎಂದು ಕೇಳುವುದು ಒಳ್ಳೆಯದೇ, ಆದರೆ ಉತ್ತರ ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳವಾಗುತ್ತದೆ. ಸರಿಯಾದಾಗಲೂ ಕೇಳಿ.

ಇಷ್ಟೆಲ್ಲ ಮಾಡಿಯೂ ಮೂರ್ನಾಲ್ಕನೇ ತರಗತಿಯ ಮಗು 5 ಮತ್ತು 8ರಲ್ಲಿ ಯಾವುದು ದೊಡ್ಡದು ಎಂದು ಎಣಿಸಿಯೇ ಹೇಳಬೇಕಾದರೆ, ನಿನ್ನೆ ಬಂದ ಸಣ್ಣ ಸಂಕಲನ ಇಂದು ಪೂರ್ತಿ ಮರೆತಿರುವುದು ತಿಂಗಳುಗಟ್ಟಲೆ ನಡೆದರೆ, ಅದು ಸೋಮಾರಿತನವಲ್ಲ. ಡಿಸ್‌ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ, ಲೆಕ್ಕ ಗ್ರಹಿಸಲು ಕಷ್ಟವಾಗುವ ಕಲಿಕಾ ನ್ಯೂನತೆ ಇರಬಹುದು. ಇಂಥ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಒಪ್ಪಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆ ಮಾಡುತ್ತಾರೆ. ಹೊಡೆದು ಕಲಿಸಲು ಹೊರಡುವ ಮೊದಲು ತೋರಿಸಿ.

ಇನ್ನು ಶಾಲೆಗಳ ಪಾಲು. ಕೇಂದ್ರದ 2020ರ ಶಾಲಾ ಚೀಲ ನೀತಿ ಎರಡನೇ ತರಗತಿಯವರೆಗೆ ಹೋಂವರ್ಕೇ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಎರಡು ಗಂಟೆ ಮೀರಬಾರದು ಎನ್ನುತ್ತದೆ. ಆದರೂ ಒಂದೇ ಬಗೆಯ ಮೂವತ್ತು ಲೆಕ್ಕ ಬರೆದು ತರಲು ಹೇಳುವ ಶಾಲೆಗಳಿವೆ. ತಪ್ಪು ಕ್ರಮದಲ್ಲಿ ಮೂವತ್ತು ಸಲ ಮಾಡಿದ ಮಗುವಿಗೆ ಆ ತಪ್ಪೇ ಬಾಯಿಪಾಠವಾಗುತ್ತದೆ, ಬಿಡಿಸಲು ಶಿಕ್ಷಕರಿಗೆ ವಾರಗಳು ಬೇಕು. ತರಗತಿಯಲ್ಲಿ ಮಾಡಿಸಿದ ಬಗೆಯವೇ ಐದು ಲೆಕ್ಕ ಸಾಕು. ಏಳನೇ ತರಗತಿಗೆ ಶಾಲೆ ಬಿಟ್ಟ ತಾಯಿ ತಂದೆ ಇರುವ ಮನೆಗೆ ಹೊಸ ಪಾಠವನ್ನು ಹೋಂವರ್ಕಾಗಿ ಕಳಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಪ್ರತಿ ಘಟಕ ಶುರುವಾಗುವಾಗ ಅರ್ಧ ಪುಟದ ಚೀಟಿ ಮನೆಗೆ ಕಳಿಸಿ: ತರಗತಿಯಲ್ಲಿ ಯಾವ ಕ್ರಮ ಬಳಸುತ್ತಿದ್ದೇವೆ, ಬಿಡಿಸಿದ ಒಂದು ಲೆಕ್ಕ, ಮಕ್ಕಳು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ, ಮನೆಯಲ್ಲಿ ಯಾವ ವಸ್ತು ಹಿಡಿದು ತೋರಿಸಬಹುದು. ಓದಲು ಬಾರದ ಪೋಷಕರಿಗೆ ಅದನ್ನೇ ಎರಡು ನಿಮಿಷದ ಧ್ವನಿ ಸಂದೇಶವಾಗಿ ವಾಟ್ಸ್ಆ್ಯಪ್‌ಗೆ ಹಾಕಬಹುದು. ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದಂದು ರಾಮಾನುಜನ್ ಭಾವಚಿತ್ರಕ್ಕೆ ಹಾರ ಹಾಕಿ ಕ್ವಿಜ್ ನಡೆಸುವ ಜೊತೆಗೆ, ಪೋಷಕರನ್ನು ಒಂದು ಗಂಟೆ ಬೆಂಚಿನಲ್ಲಿ ಕೂರಿಸಿ ಅವರ ಕೈಗೂ ಕಡ್ಡಿ ಕಟ್ಟು ಕೊಡಲಿ. ಶಾಲಾಭಿವೃದ್ಧಿ ಸಮಿತಿಗಳು ಇದನ್ನು ಒತ್ತಾಯಿಸಿ ಕೇಳಬೇಕು.

ಪತ್ರಿಕೆಯಲ್ಲೂ ಒಂದು ವಿನಂತಿ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಮಾದರಿ ಪ್ರಶ್ನೋತ್ತರಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ಒಂದರಿಂದ ಐದನೇ ತರಗತಿಯ ಪೋಷಕರಿಗೆ ಏನೂ ಇಲ್ಲ. ವಾರಕ್ಕೊಮ್ಮೆ ಕಾಲು ಕಾಲಂ ಕೊಟ್ಟರೂ ಸಾಕು: ಮಕ್ಕಳು ಮಾಡುವ ಒಂದು ತಪ್ಪು, ಅದರ ಕಾರಣ, ಮನೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆ. ಬರೆದುಕೊಡಲು ರಾಜ್ಯದಲ್ಲಿ ಶಿಕ್ಷಕರಿಗೆ ಕೊರತೆಯಿಲ್ಲ, ನಾವೂ ಸಿದ್ಧರಿದ್ದೇವೆ.

ಇತಿ,
ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕರು,
ತುಮಕೂರು ಜಿಲ್ಲೆ